‘ಇವತ್ತ ನಿಮ್ ಮನ್ಯಾಗ ಮಲಕೋತೀನಂತ ಅವ್ವಗ ಹೇಳ್ತೀನಿ’ ಅಂತ ಗೆಳತಿ ಕೇಳಿದರೆ

ಹೋದ ವರ್ಷ ಮೇ ತಿಂಗಳು. ಕಲಬುರಗಿಯ ಬಿಸಿಲು ನಿಮಗೆ ಗೊತ್ತೇ ಇದೆ. ಸಂಜೆ ಆರೂವರೆ ಆದರೂ ಕಲ್ಲಿನ ಕಟ್ಟೆ ಇನ್ನೂ ಕಾದೇ ಇತ್ತು. ಅಪ್ಪನ ಕೆರೆಯ ದಂಡೆಯಲ್ಲಿ ನಾನು ಮತ್ತು ನನ್ನ ಗೆಳತಿ ಕೂತಿದ್ದೆವು. ನಡುವೆ ಪೇಪರಿನಲ್ಲಿ ಕಟ್ಟಿಸಿಕೊಂಡು ಬಂದ ನಾಲ್ಕು ಮಿರ್ಚಿ ಭಜಿ. ಅವಳು ಒಂದನ್ನು ಎತ್ತಿಕೊಂಡು ಅದರ ಹಿಟ್ಟನ್ನು ಉಗುರಿನಿಂದ ಸುಲಿಯುತ್ತಿದ್ದಳು. ಒಳಗಿನ ಮೆಣಸಿನಕಾಯಿ ಮಾತ್ರ ಉಳಿದಾಗ ಅದನ್ನು ಪೇಪರಿನ ಮೇಲಿಟ್ಟು ಇನ್ನೊಂದು ತಗೊಂಡಳು. ಅದನ್ನೂ ಸುಲಿದಳು. ಒಂದನ್ನೂ ತಿನ್ನಲಿಲ್ಲ.

ನಾಲ್ಕು ವರ್ಷ ಪ್ರೀತಿಸಿದ ಹುಡುಗನ ನಿಶ್ಚಯ ಆಗಿ ಆಗಲೇ 12 ದಿನ ಕಳೆದಿತ್ತು. ಅವನ ಅತ್ತಿಗೆಯ ವಾಟ್ಸ್‌ಆ್ಯಪ್ ಸ್ಟೇಟಸ್ ನೋಡಿ ಇವಳಿಗೆ ವಿಷಯ ಗೊತ್ತಾಗಿತ್ತು. ‘ಮನ್ಯಾಗ ಒಪ್ಪಲಿಲ್ಲ’ ಅನ್ನುವ ಎರಡು ಮಾತು ಕೂಡ ಅವನಿಂದ ಬಂದಿರಲಿಲ್ಲ.

“ಶನಿವಾರ ಹೈದರಾಬಾದಿಗೆ ಹೊಂಟೀನಿ” ಅಂದಳು. “ಆ್ಯಪಿನ್ಯಾಗ ಒಬ್ಬಾಂವ ಪರಿಚಯ ಆಗ್ಯಾನ. ನಾಕ್ ದಿನ ಆಯ್ತು ಮಾತಾಡ್ಲಕತ್ತು. ರಾತ್ರಿ ಅಲ್ಲೇ ಇರ್ತೀನಿ. ಅವ್ವಗ ನಿಮ್ ಮನ್ಯಾಗ ಮಲಕೋತೀನಂತ ಹೇಳ್ತೀನಿ. ಫೋನ್ ಬಂದ್ರ ಹೂಂ ಅನ್ನು, ಸಾಕು.”

“ಹುಚ್ಚ ಹಿಡದದೇನ ನಿನಗ?” ಅಂದೆ. ಇನ್ನೂ ಏನೇನೋ ಅಂದೆ. ಮರ್ಯಾದೆ, ಮನೆತನ, ಪೇಪರಿನಲ್ಲಿ ಬರುವ ಸುದ್ದಿ, ಎಲ್ಲವನ್ನೂ ತಂದೆ. ಅವಳು ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋದಳು. ಎರಡು ದಿನ ಫೋನ್ ಎತ್ತಲಿಲ್ಲ.

ಆ ಎರಡು ದಿನ ನನಗೆ ನಿದ್ದೆ ಬರಲಿಲ್ಲ. ನಾನು ಬೈದದ್ದರಿಂದ ಅವಳ ಶನಿವಾರ ರದ್ದಾಗಿರಲಿಲ್ಲ. ಅವಳು ಎಲ್ಲಿಗೆ, ಯಾರ ಹತ್ತಿರ ಹೋಗುತ್ತಾಳೆ ಅಂತ ಗೊತ್ತಿದ್ದ ಒಬ್ಬಳನ್ನೂ ಅವಳು ಕಳೆದುಕೊಂಡಿದ್ದಳು. ಮೂರನೇ ದಿನ ನಾನೇ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆಮೇಲಿನ ಮೂರು ವಾರದಲ್ಲಿ ನಾನು ಕಲಿತದ್ದು, ವೈದ್ಯರನ್ನೂ ವಕೀಲರನ್ನೂ ಕೇಳಿ ತಿಳಿದುಕೊಂಡದ್ದು ಇಲ್ಲಿದೆ. ಅವಳ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ.

ಮೊದಲನೇ ಹೆಜ್ಜೆ: ಬೈಯುವ ಮೊದಲು ಉಣ್ಣಲು ಹಾಕಿ

ಬ್ರೇಕಪ್ ಆದವರು ಮೊದಲು ಬಿಡುವುದು ಊಟ, ಆಮೇಲೆ ನಿದ್ದೆ. ಹಸಿದ, ನಿದ್ದೆಗೆಟ್ಟ ತಲೆ ತಗೊಳ್ಳುವ ತೀರ್ಮಾನವೇ ಬೇರೆ. ಹಾಗಾಗಿ ‘ಮಾತಾಡೋಣ ಬಾ’ ಅಂತ ಹೋಟೆಲಿಗೆ ಕರೆಯುವುದಕ್ಕಿಂತ ನಿಮ್ಮ ಮನೆಗೆ ಕರೆಯಿರಿ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಮೇಲೊಂದಿಷ್ಟು ಶೇಂಗಾ ಹಿಂಡಿ. ಅದೂ ಇಳಿಯಲಿಲ್ಲವಾದರೆ ತೊಗರಿಬೇಳೆ ಕಟ್ಟಿನಲ್ಲಿ ಕಲಸಿದ ಅನ್ನ. ನನ್ನ ಗೆಳತಿ ಆ ಮೂರನೇ ದಿನ ನಮ್ಮವ್ವನ ಎದುರು ಕೂತು ಎರಡು ರೊಟ್ಟಿ ತಿಂದಳು. ನಮ್ಮವ್ವನಿಗೆ ಏನೂ ಗೊತ್ತಿರಲಿಲ್ಲ. “ಬಿಸಲಿಗಿ ಸೊರಗೀದಿ ನನ್ನವ್ವ” ಅಂತ ತಟ್ಟೆಗೆ ಬೆಣ್ಣೆ ಹಾಕಿದರು. ಅಷ್ಟಕ್ಕೇ ಇವಳ ಕಣ್ಣು ತುಂಬಿ ಬಂತು.

ಊಟ ಆದ ಮೇಲೆ ಕೇಳಿ. ಕೇಳುವುದು ಅಂದರೆ ಸುಮ್ನೆ ಕಿವಿ ಕೊಡುವುದು. ‘ಅಂವ ನಿನಗ ತಕ್ಕವನೇ ಅಲ್ಲ’ ಅನ್ನಬೇಡಿ. ನಾಲ್ಕು ವರ್ಷ ಅವನನ್ನು ಆರಿಸಿಕೊಂಡದ್ದು ಅವಳೇ ಅಲ್ವಾ? ಅವನನ್ನು ಕೆಟ್ಟವನು ಅಂದರೆ ಅವಳ ಆಯ್ಕೆಯನ್ನೂ ಕೆಟ್ಟದ್ದು ಅಂದಂತೆ. ‘ನನಗೂ ಹಿಂಗ ಆಗಿತ್ತು’ ಅಂತ ನಿಮ್ಮ ಕಥೆ ತೆಗೆಯುವುದೂ ಬೇಡ, ಅದಕ್ಕೆ ಮುಂದೆ ಸಮಯ ಬರುತ್ತದೆ. ‘ಮನ್ಯಾಗ ಹೇಳಿ ಲಗೂನ ಮದುವಿ ಮಾಡ್ಕೋ’ ಅನ್ನುವ ಸಲಹೆ ನಮ್ಮ ಕಡೆ ಬಹಳ. ಅದು ಎಲ್ಲಕ್ಕಿಂತ ಅಪಾಯ. ಒಂದು ರಾತ್ರಿಯ ದುಡುಕನ್ನು ತಪ್ಪಿಸಲು ಹೋಗಿ ಜೀವಮಾನದ ದುಡುಕಿಗೆ ತಳ್ಳಿದ ಹಾಗೆ.

ನಾನು ಕಂಡಂತೆ ಕೆಲಸ ಮಾಡಿದ ಮಾತು ಇಷ್ಟೇ: “ಬಾಳ ನೋವಾಗ್ಯದ ನಿನಗ. ಹೇಳು, ನಾ ಇಲ್ಲೇ ಕೂತೀನಿ.”

ಎರಡನೇ ಹೆಜ್ಜೆ: ಅವಳಿಗೆ ನಿಜವಾಗಿ ಏನು ಬೇಕಾಗಿದೆ ಅಂತ ಹುಡುಕಿ

‘ಯಾರಾದ್ರೂ ಒಬ್ರು ಸಾಕು, ಒಂದು ರಾತ್ರಿ ಎಲ್ಲಾ ಮರೀಬೇಕು’ ಅನ್ನುವ ಮಾತಿನೊಳಗೆ ಬೇರೆ ಬೇರೆ ಆಸೆಗಳು ಅಡಗಿರುತ್ತವೆ. ಬಿಟ್ಟುಹೋದವನಿಗೆ ಉರಿಯಬೇಕು ಅನ್ನುವುದು ಒಂದು. ‘ನಾನು ಇನ್ನೂ ಯಾರಿಗಾದರೂ ಬೇಕಾಗುತ್ತೇನಾ?’ ಅನ್ನುವ ಅನುಮಾನ ಇನ್ನೊಂದು. ಪಕ್ಕದಲ್ಲಿ ಒಂದು ಮೈ ಇದ್ದರೆ ನಿದ್ದೆಯಾದರೂ ಬಂದೀತು ಅನ್ನುವುದೂ ಇರುತ್ತದೆ. ಕೆಲವರಿಗೆ ನಿಜವಾಗಿಯೂ ಹೊಸಬರ ಮೇಲೆ ಮನಸ್ಸಾಗಿರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಬ್ರೇಕಪ್ ಆದ ತಿಂಗಳಲ್ಲೇ ಪರಿಚಯವಾದವರ ಜೊತೆ ಚೆನ್ನಾಗಿ ಬಾಳುತ್ತಿರುವವರನ್ನು ನಾನು ನೋಡಿದ್ದೇನೆ. ಅವಳು ವಯಸ್ಸಿಗೆ ಬಂದವಳು, ಮೈ ಅವಳದು, ಮನಸ್ಸೂ ಅವಳದು. ಇದನ್ನು ನೀವು ಒಪ್ಪಿಕೊಳ್ಳದೆ ಮುಂದಿನ ಯಾವ ಹೆಜ್ಜೆಯೂ ಕೆಲಸಕ್ಕೆ ಬರುವುದಿಲ್ಲ.

ಒಳಗಿನ ಆಸೆ ಯಾವುದು ಅಂತ ತಿಳಿಯಲು ನಾನು ಕೇಳಿದ ಒಂದು ಪ್ರಶ್ನೆ ಬಹಳ ಸಹಾಯ ಮಾಡಿತು: “ನೀ ಹೋಗಿದ್ದು ಅಂವಗ ಯಾವತ್ತೂ ಗೊತ್ತೇ ಆಗಂಗಿಲ್ಲ ಅಂದ್ರ, ಆಗೂ ಹೋಗ್ತೀಯೇನು?”

ಅವಳು ಬಹಳ ಹೊತ್ತು ಸುಮ್ಮನಿದ್ದಳು. “ಒಂದ್ ಫೋಟೋ ಹಾಕ್ಬೇಕಂತ ಮಾಡಿದ್ದೆ” ಅಂದಳು ಕೊನೆಗೆ. “ಚಾರ್ಮಿನಾರ್ ಹತ್ರ. ಅಂವನ ಅತ್ತಿಗಿ ನೋಡ್ಲಿ ಅಂತ.”

ಆಗ ನನಗೆ ಅವಳ ಶನಿವಾರದ ಅರ್ಧ ತಿಳಿಯಿತು.

ಇದು ದುರ್ಬಲ ಮನಸ್ಸಿನ ಲಕ್ಷಣ ಅಂತ ದಯವಿಟ್ಟು ತಿಳಿಯಬೇಡಿ. ಅಮೆರಿಕದ ಹೆಲೆನ್ ಫಿಶರ್ ಮತ್ತು ಅವರ ಜೊತೆಯ ಸಂಶೋಧಕರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪ್ರೀತಿಸಿದವರು ಕೈಬಿಟ್ಟ, ಆದರೂ ಪ್ರೀತಿ ಆರದ 15 ಜನರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಬಿಟ್ಟುಹೋದವರ ಫೋಟೋ ತೋರಿಸಿದರು. ಕೊಕೇನಿನಂಥ ಚಟದ ಹಂಬಲ ಹುಟ್ಟಿದಾಗ ಮಿದುಳಿನಲ್ಲಿ ಚುರುಕಾಗುವ ಕೆಲವು ಭಾಗಗಳು ಆಗಲೂ ಚುರುಕಾದವು. ಕುಡಿತ ಬಿಟ್ಟವನ ಕೈ ನಡುಗಿದಂತೆ ಇವಳ ಕೈಯೂ ಫೋನಿನ ಕಡೆ ಹೋಗುತ್ತದೆ. ಬಿಟ್ಟವನು ಸಿಗದಿದ್ದಾಗ, ಆ ಜಾಗಕ್ಕೆ ಯಾರಾದರೂ ಆದೀತು ಅನ್ನಿಸುತ್ತದೆ. ಇದನ್ನು ಅವಳಿಗೆ ಹೇಳಿದೆ. “ಅಂದ್ರ ನಂಗ ಹುಚ್ಚ ಹಿಡದಿಲ್ಲ” ಅಂದಳು. ನಾನು ಕೆರೆಯ ದಂಡೆಯಲ್ಲಿ ಆಡಿದ ಮಾತು ಅವಳಲ್ಲಿ ಅಷ್ಟು ಆಳಕ್ಕೆ ನಾಟಿತ್ತು.

ಮೂರನೇ ಹೆಜ್ಜೆ: ‘ಬ್ಯಾಡ’ ಅನ್ನಬೇಡಿ, ‘ಈ ಶನಿವಾರ ಬ್ಯಾಡ’ ಅನ್ನಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹಂಬಲಕ್ಕೆ ಭರತ ಇದೆ, ಇಳಿತವೂ ಇದೆ. ಬೇಡ ಅಂದರೆ ಹಟ ಬರುತ್ತದೆ, ಮುಂದೂಡಿದರೆ ಬರುವುದಿಲ್ಲ. “ಹೋಗು, ನಾನೇ ಬಸ್ ಹತ್ತಸ್ತೀನಿ. ಆದ್ರ ಎರಡು ಶನಿವಾರ ಬಿಟ್ಟು ಹೋಗು” ಅಂದೆ. ಒಪ್ಪಿದಳು.

ಆ ಎರಡು ಶನಿವಾರ ಖಾಲಿ ಬಿಡಬಾರದು. ಇಲ್ಲಿ ನಿಮ್ಮ ಮೈಮುರಿಯುವ ಕೆಲಸ ಇದೆ. ಮೊದಲನೇ ಶನಿವಾರ ಗಾಣಗಾಪುರಕ್ಕೆ ಹೋದೆವು. ಶಕ್ತಿ ಯೋಜನೆ ಇರುವುದರಿಂದ ನಮ್ಮಿಬ್ಬರಿಗೂ ಟಿಕೆಟ್ ದುಡ್ಡಿಲ್ಲ. ಭೀಮಾ ಮತ್ತು ಅಮರ್ಜಾ ಕೂಡುವ ಸಂಗಮದಲ್ಲಿ ಕಾಲು ಇಳಿಬಿಟ್ಟು ಮಧ್ಯಾಹ್ನದವರೆಗೆ ಕೂತೆವು. ಅವಳು ಅತ್ತಳು. ಅಲ್ಲಿ ಅಳುವವರು ಬಹಳ ಜನ, ಯಾರೂ ತಿರುಗಿ ನೋಡಲಿಲ್ಲ. ಕಲಬುರಗಿಯಲ್ಲಿ ಮನಸ್ಸು ಬಿಚ್ಚಿ ಅಳುವುದಕ್ಕೆ ಜಾಗ ಸಿಗುವುದೇ ಕಷ್ಟ. ಸೂಪರ್ ಮಾರ್ಕೆಟ್ಟಿನಲ್ಲಿ ಕಣ್ಣೊರೆಸಿಕೊಂಡರೂ ರಾತ್ರಿಯೊಳಗೆ ಯಾರದೋ ಕಾಕಾ ನಿಮ್ಮ ಮನೆಗೆ ಫೋನ್ ಮಾಡಿರುತ್ತಾನೆ.

ಎರಡನೇ ಶನಿವಾರ ಕೋಟೆಗೆ ಹೋದೆವು. ಒಳಗಿರುವ ಜಾಮಿ ಮಸೀದಿ 1367ರದು. ಬೇರೆ ಮಸೀದಿಗಳಲ್ಲಿ ಇರುವಂತೆ ಇಲ್ಲಿ ಬಯಲು ಅಂಗಳ ಇಲ್ಲ, ಎಲ್ಲವೂ ಗುಮ್ಮಟಗಳ ಚಾವಣಿಯ ಕೆಳಗೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಕಮಾನುಗಳ ನಡುವೆ ನೆರಳು. ಹಿಂದಿರುಗುವಾಗ ಬಿಸಿ ತಹರಿ ತಿಂದೆವು. ಅವತ್ತು ಅವಳು ಅವನ ಹೆಸರು ಎತ್ತಿದ್ದು ನಾಲ್ಕೇ ಸಲ. ನಾನು ಎಣಿಸಿದ್ದೆ.

ನೀವು ಯಾದಗಿರಿಯಲ್ಲೋ ಬೀದರಿನಲ್ಲೋ ಇದ್ದರೆ ಜಾಗ ಬೇರೆ ಆಗಬಹುದು. ಬೀದರ್ ಕೋಟೆಯ ಗೋಡೆ ಹಿಡಿದು ಸುತ್ತಿದರೂ ಒಂದು ಸಂಜೆ ಕಳೆಯುತ್ತದೆ. ಕಾಲಿಗೆ ಕೆಲಸ, ಕಣ್ಣಿಗೆ ಬಯಲು, ಪಕ್ಕದಲ್ಲಿ ಜನ. ಈ ಮೂರು ಇದ್ದರೆ ಆಯಿತು.

ನಾಲ್ಕನೇ ಹೆಜ್ಜೆ: ರಾತ್ರಿ ಹನ್ನೊಂದರ ನಂತರದ ಫೋನು

ದುಡುಕಿನ ಮೆಸೇಜುಗಳು ಹೋಗುವುದು ಈ ಹೊತ್ತಿನಲ್ಲೇ. ಅವನ ನಂಬರನ್ನು ಬ್ಲಾಕ್ ಮಾಡು ಅಂದರೆ ಅವಳು ಒಪ್ಪದೇ ಇರಬಹುದು. ಮ್ಯೂಟ್ ಮಾಡಿಸಿ, ಚಾಟನ್ನು ಆರ್ಕೈವ್‌ಗೆ ಹಾಕಿಸಿ. ಅವನ ಅಣ್ಣ, ಅತ್ತಿಗೆ, ಗೆಳೆಯರ ಸ್ಟೇಟಸ್ಸನ್ನೂ ಮ್ಯೂಟ್ ಮಾಡಿಸಿ, ಇದನ್ನು ಎಲ್ಲರೂ ಮರೆಯುತ್ತಾರೆ. ಫೋನನ್ನು ಚಾರ್ಜಿಗೆ ಹಾಕುವ ಜಾಗ ಹಾಸಿಗೆಯಿಂದ ದೂರ ಇರಲಿ. ‘ಅವನಿಗೆ ಏನು ಕಳಿಸಬೇಕು ಅನ್ನಿಸಿದರೂ ನನಗೆ ಕಳಿಸು’ ಅಂತ ಹೇಳಿ. ನನಗೆ ಒಂದೇ ರಾತ್ರಿ 37 ಮೆಸೇಜ್ ಬಂದವು. ಒಂದಕ್ಕೂ ಉತ್ತರ ಬರೆಯಲಿಲ್ಲ. ಬೆಳಿಗ್ಗೆ ಫೋನ್ ಮಾಡಿ “ಚಾ ಕುಡದ್ಯಾ?” ಅಂತ ಕೇಳಿದೆ.

ಐದನೇ ಹೆಜ್ಜೆ: ಹೋಗಿಯೇ ಹೋಗುತ್ತೇನೆ ಅಂದರೆ

ಎರಡು ಶನಿವಾರ ಕಳೆದ ಮೇಲೂ ಅವಳು ಹೋಗುತ್ತೇನೆ ಅನ್ನಬಹುದು. ಆಗ ನಿಮ್ಮ ಕೆಲಸ ಅವಳು ಸುರಕ್ಷಿತವಾಗಿ ಹೋಗಿ ಬರುವಂತೆ ನೋಡಿಕೊಳ್ಳುವುದು. ಇಲ್ಲಿ ಸಂಕೋಚ ಪಡಬೇಡಿ. ಸಂಕೋಚದಿಂದ ಹೇಳದೆ ಬಿಟ್ಟ ಮಾತಿಗೆ ಆಮೇಲೆ ಬೆಲೆ ತೆರುವವಳು ಅವಳು.

ಮೊದಲನೆಯದು, ವಿಡಿಯೋ ಕಾಲ್. ಹೋಗುವ ಮುಂಚೆ ಕನಿಷ್ಠ ಎರಡು ಸಲ, ಬೆಳಕಿನಲ್ಲಿ. ಕ್ಯಾಮೆರಾ ಹಾಳಾಗಿದೆ ಅನ್ನುವವನನ್ನು ಅಲ್ಲಿಗೇ ಬಿಡಬೇಕು. ಅವನ ಹೆಸರು, ಕೆಲಸ, ಫೋಟೋ, ನಂಬರು ನಿಮ್ಮ ಹತ್ತಿರ ಇರಲಿ. ಪ್ರೊಫೈಲಿನ ಸ್ಕ್ರೀನ್‌ಶಾಟ್ ಇರಲಿ. ಅವನಿಗೂ ಅದು ಗೊತ್ತಿರಲಿ. ‘ನನ್ ಗೆಳತಿಗೆ ನಿನ್ನ ನಂಬರ್ ಕೊಟ್ಟೀನಿ’ ಅನ್ನುವ ಮಾತಿಗೆ ಮುಖ ಸಿಂಡರಿಸುವವನ ಹತ್ತಿರ ಹೋಗುವುದೇ ಬೇಡ.

ಮೊದಲ ಭೇಟಿ ಹಗಲಲ್ಲಿ, ಜನ ಇರುವ ಜಾಗದಲ್ಲಿ ಆಗಲಿ. ಕಲಬುರಗಿಯಿಂದ ಹೈದರಾಬಾದ್ ರಸ್ತೆಯಲ್ಲಿ ಸುಮಾರು 220 ಕಿಲೋಮೀಟರ್, ಬಸ್ಸಿನಲ್ಲಿ ಐದು ತಾಸು ಅಂತ ಹಿಡಿಯಿರಿ. ಬೆಳಗಿನ ಮೊದಲ ಬಸ್ಸಿಗೆ ಹೋದರೆ ಊಟದ ಹೊತ್ತಿಗೆ ಭೇಟಿಯಾಗಿ ರಾತ್ರಿಯೊಳಗೆ ವಾಪಸ್ ಬರಬಹುದು. ಒಂದು ಮಾತು: ಶಕ್ತಿ ಯೋಜನೆಯ ಉಚಿತ ಪ್ರಯಾಣ ಹೊರರಾಜ್ಯಕ್ಕೆ ಹೋಗುವ ಬಸ್ಸಿಗೆ ಇಲ್ಲ. ಹೋಗುವ ದುಡ್ಡು ಇಟ್ಟುಕೊಂಡು ಬರುವ ದುಡ್ಡಿಗೆ ಅವನನ್ನು ನಂಬಿ ಹೋದರೆ, ಅಲ್ಲಿಂದ ಎದ್ದು ಬರುವ ದಾರಿಯೇ ಮುಚ್ಚಿದ ಹಾಗೆ. ವಾಪಸ್ ಟಿಕೆಟ್ ಮುಂಚೆಯೇ ಬುಕ್ ಮಾಡಿಸಿ. 1,000 ರೂಪಾಯಿ ನಗದು ಪರ್ಸ್ ಬಿಟ್ಟು ಬೇರೆ ಕಡೆ ಇಟ್ಟುಕೊಳ್ಳಲಿ. ಫೋನ್ ಚಾರ್ಜ್ ಹೋದರೆ ಯುಪಿಐ ಕೆಲಸಕ್ಕೆ ಬರುವುದಿಲ್ಲ.

ಲೈವ್ ಲೊಕೇಶನ್ ನಿಮಗೆ ಬರುತ್ತಿರಲಿ. ವಾಟ್ಸ್‌ಆ್ಯಪಿನಲ್ಲಿ ಅದು ಎಂಟು ತಾಸಿಗೆ ನಿಲ್ಲುತ್ತದೆ, ಮತ್ತೆ ಹಾಕಬೇಕು ಅಂತ ಹೇಳಿಡಿ. ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ನಮ್ಮದು ‘ಹಪ್ಪಳ ಒಣಗ್ಯಾವೇನು?’ ಅಂತ ಇತ್ತು. ಅವಳಿಂದ ಆ ಮೆಸೇಜ್ ಬಂದರೆ ನಾನು ತಕ್ಷಣ ಫೋನ್ ಮಾಡಿ ‘ಅಪ್ಪಗ ಆರಾಮಿಲ್ಲ, ಈಗೇ ಬಾ’ ಅನ್ನಬೇಕು. ಉತ್ತರ ಬರದಿದ್ದರೆ ಎಷ್ಟು ಹೊತ್ತು ಕಾದು ಯಾರಿಗೆ ಹೇಳಬೇಕು ಅನ್ನುವುದನ್ನೂ ಮುಂಚೆಯೇ ಮಾತಾಡಿಕೊಳ್ಳಿ. ತುರ್ತಿಗೆ 112 ದೇಶದಲ್ಲಿ ಎಲ್ಲಿಂದ ಬೇಕಾದರೂ ಸಿಗುತ್ತದೆ. ಮಹಿಳಾ ಸಹಾಯವಾಣಿ 181.

ಕುಡಿಯುವುದು, ಬೇರೆಯವರು ಕೊಟ್ಟ ಲೋಟ, ಬಿಟ್ಟು ಎದ್ದು ಹೋದ ಲೋಟ. ಈ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಮೊದಲ ಭೇಟಿಗೆ ಬೇಡ.

ಲಾಡ್ಜಿನ ವಿಷಯ. 18 ದಾಟಿದ, ಮದುವೆಯಾಗದ ಇಬ್ಬರು ಒಂದು ಕೋಣೆಯಲ್ಲಿ ತಂಗಬಾರದು ಅನ್ನುವ ಕಾನೂನು ನಮ್ಮಲ್ಲಿ ಇಲ್ಲ. ಕೋಣೆ ಕೊಡದಿರುವುದು ಕೆಲವು ಲಾಡ್ಜಿನವರ ಸ್ವಂತ ನಿಯಮ. ಇಬ್ಬರ ಗುರುತಿನ ಚೀಟಿಯೂ ಕೇಳುತ್ತಾರೆ. ಆದರೆ ಇಬ್ಬರಲ್ಲಿ ಯಾರಿಗಾದರೂ 18 ಆಗಿರದಿದ್ದರೆ ಒಪ್ಪಿಗೆ ಇದ್ದರೂ ಅದು ಪೋಕ್ಸೊ ಕಾಯ್ದೆಯ ಅಪರಾಧ. ಇದರಲ್ಲಿ ‘ಆದರೆ’ ಅನ್ನುವುದೇ ಇಲ್ಲ.

ಈಗ ಎಲ್ಲರೂ ನುಂಗಿಕೊಳ್ಳುವ ಮಾತು. ಕಾಂಡೋಮ್ ಅವಳ ಬ್ಯಾಗಿನಲ್ಲೇ ಇರಲಿ, ಅವನು ತರುತ್ತಾನೆ ಅಂತ ಬಿಡಬಾರದು. ನಿಮ್ಮ ಓಣಿಯ ಮೆಡಿಕಲ್‌ನಲ್ಲಿ ತಗೊಳ್ಳಲು ಮುಜುಗರವಾದರೆ ಊರಿನ ಇನ್ನೊಂದು ತುದಿಗೆ ಹೋಗಿ. ನಾವು ಆಟೋ ಮಾಡಿಕೊಂಡು ಸೇಡಂ ರಸ್ತೆಗೆ ಹೋಗಿದ್ದೆವು. ಕಾಂಡೋಮ್ ಇಲ್ಲದೆ ನಡೆದುಹೋಯಿತು, ಅಥವಾ ಹರಿಯಿತು ಅಂದರೆ ಗರ್ಭ ತಡೆಯಲು ತುರ್ತು ಮಾತ್ರೆ ಇದೆ. ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ, ಒಂದೇ ಗುಳಿಗೆ. ಚೀಟಿ ಇಲ್ಲದೆಯೂ ಕೊಡುತ್ತಾರೆ. 72 ತಾಸಿನೊಳಗೆ ತಗೊಳ್ಳಬೇಕು, ಎಷ್ಟು ಬೇಗ ತಗೊಂಡರೆ ಅಷ್ಟು ಒಳ್ಳೆಯದು. ಗುಳಿಗೆ ನುಂಗಿ ಎರಡು ತಾಸಿನೊಳಗೆ ವಾಂತಿಯಾದರೆ ಮತ್ತೆ ತಗೊಳ್ಳಬೇಕಾಗುತ್ತದೆ. ಮುಟ್ಟು ಒಂದು ವಾರಕ್ಕಿಂತ ಜಾಸ್ತಿ ತಡವಾದರೆ ಪರೀಕ್ಷೆ ಮಾಡಿಸಲೇಬೇಕು.

ಆ ಗುಳಿಗೆ ರೋಗ ತಡೆಯುವುದಿಲ್ಲ. ಎಚ್‌ಐವಿ ಭಯ ಇದ್ದರೆ ಅದಕ್ಕೆ ಬೇರೆ ಔಷಧಿ ಇದೆ, ಪೆಪ್ ಅನ್ನುತ್ತಾರೆ. ಅದನ್ನೂ 72 ತಾಸಿನೊಳಗೆ ಶುರು ಮಾಡಬೇಕು, 28 ದಿನ ಬಿಡದೆ ತಗೊಳ್ಳಬೇಕು. ತಡಮಾಡದೆ ಜಿಲ್ಲಾ ಆಸ್ಪತ್ರೆಯಲ್ಲಿ ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋಗಿ ಕೇಳಿ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಸಲಹೆ ಮತ್ತು ಪರೀಕ್ಷಾ) ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ವಿಷಯ ಗುಟ್ಟಾಗಿ ಇರುತ್ತದೆ. ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿಯೂ ಕೇಳಬಹುದು. ಕೂಡಿದ ಮರುದಿನ ಮಾಡಿಸಿದ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ವೈದ್ಯರು ಹೇಳಿದ ದಿನಕ್ಕೆ ಮತ್ತೆ ಮಾಡಿಸಬೇಕು.

ಇನ್ನು ಫೋಟೋ, ವಿಡಿಯೋ. ಮುಖ ಕಾಣುವ ಖಾಸಗಿ ಫೋಟೋ ಕಳಿಸಲೇಬಾರದು, ವಿಡಿಯೋ ಕಾಲಿನಲ್ಲಿ ಬಟ್ಟೆ ತೆಗೆಯಬಾರದು. ಆಚೆ ಕಡೆಯವನು ರೆಕಾರ್ಡ್ ಮಾಡಿಕೊಂಡು ದುಡ್ಡು ಕೇಳುವುದು ಈಗ ಒಂದು ದಂಧೆಯೇ ಆಗಿದೆ. ಆಗಿಹೋಗಿದ್ದರೆ ಒಂದು ರೂಪಾಯಿಯನ್ನೂ ಕೊಡಬೇಡಿ, ಕೊಟ್ಟಷ್ಟೂ ಕೇಳುತ್ತಾರೆ. ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಇಲ್ಲವೇ ಸೈಬರ್ ಅಪರಾಧ ನೋಡಿಕೊಳ್ಳುವ ಹತ್ತಿರದ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಒಬ್ಬಳನ್ನೇ ಕಳಿಸಬೇಡಿ. ಠಾಣೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂರಲು ಒಬ್ಬರು ಬೇಕು.

ಆ ಸುಳ್ಳಿನ ವಿಷಯ

‘ನಿಮ್ ಮನ್ಯಾಗ ಮಲಕೋತೀನಂತ ಹೇಳ್ತೀನಿ’ ಅನ್ನುವ ಮಾತಿಗೆ ನಾನು ಏನು ಹೇಳಿದೆ ಅಂತ ನೀವು ಕಾಯುತ್ತಿರಬಹುದು. ನನಗೆ ಅವಳ ಅವ್ವ ಚಿಕ್ಕಂದಿನಿಂದ ಗೊತ್ತು. ದಸರೆಗೆ ಬನ್ನಿ ಕೊಡಲು ಹೋದರೆ ಹೋಳಿಗೆ ಕಟ್ಟಿ ಕಳಿಸುವವರು. ಅವರು ಫೋನ್ ಮಾಡಿ ‘ಮಗಳು ಮಲಗ್ಯಾಳೇನವಾ?’ ಅಂತ ಕೇಳಿದರೆ ಹೂಂ ಅನ್ನಲು ನನಗೆ ಬಾಯಿ ಬರುವುದಿಲ್ಲ. ಇದನ್ನೇ ಅವಳಿಗೆ ಹೇಳಿದೆ. “ನಿನ್ ವಿಷಯ ನಾ ಯಾರಿಗೂ ಹೇಳಂಗಿಲ್ಲ. ಆದ್ರ ನಿನ್ ಜೀವಕ್ಕ ಏನರ ಆಗ್ಲಕತ್ತದ ಅನಿಸಿದ್ರ, ಆವಾಗ ಹೇಳ್ತೀನಿ. ರಾತ್ರಿ ಇರೋದಿದ್ರ ಸುಳ್ಳು ನೀ ಹೇಳ್ಕೋ, ನನ್ನ ಹೆಸರು ಬ್ಯಾಡ. ಹಗಲಾಗ ಹೋಗಿ ಬಂದ್ರ ಸುಳ್ಳೇ ಬೇಕಾಗಂಗಿಲ್ಲ.”

ಇದು ನನ್ನ ಲೆಕ್ಕ. ನಿಮ್ಮದು ಬೇರೆ ಇರಬಹುದು. ಕೆಲವು ಮನೆಗಳಲ್ಲಿ ಮಗಳು ಪ್ರೀತಿಸಿದ್ದು ಗೊತ್ತಾದರೆ ಹೊಡೆತ ಬೀಳುತ್ತದೆ, ಅಥವಾ ವಾರದೊಳಗೆ ಎಲ್ಲಿಗೋ ಮದುವೆ ಮಾಡಿ ಕಳಿಸುತ್ತಾರೆ. ಅಂಥ ಮನೆಯ ಹುಡುಗಿಯ ಬಗ್ಗೆ ಬಾಯಿ ಬಿಡುವ ಮುಂಚೆ ಹತ್ತು ಸಲ ಯೋಚಿಸಿ. ನನ್ನ ಸಲಹೆ ಒಂದೇ. ಯಾವ ಸುಳ್ಳಿಗೆ ನಿಲ್ಲುತ್ತೀರಿ, ಯಾವುದಕ್ಕೆ ನಿಲ್ಲುವುದಿಲ್ಲ ಅನ್ನುವುದನ್ನು ಅವಳು ಹೊರಡುವ ಮೊದಲೇ ಹೇಳಿಬಿಡಿ. ಅವಳು ದಾರಿಯಲ್ಲಿ ಇರುವಾಗ ಕೈ ಎತ್ತಬೇಡಿ.

ಗೆಳೆಯ ಆಗಿದ್ದರೆ

ಹುಡುಗರಿಗೆ ಅಳಲು ಇನ್ನೂ ಕಡಿಮೆ ಜಾಗ. ಅವರ ನೋವು ಕುಡಿತವಾಗಿ, ಹೈವೇಯಲ್ಲಿ ಬೈಕಿನ ವೇಗವಾಗಿ ಹೊರಬರುತ್ತದೆ. ಕುಡಿದಿದ್ದರೆ ಗಾಡಿಯ ಕೀಲಿ ಕಿತ್ತುಕೊಳ್ಳಿ, ನಾಳೆ ಜಗಳ ಆಡಲಿ. ಹಳೇ ಹುಡುಗಿಯ ಮನೆ ಮುಂದೆ ಹೋಗಿ ನಿಲ್ಲುವುದು, ಬೇಡ ಅಂದರೂ ಮೆಸೇಜ್ ಮಾಡುತ್ತಲೇ ಇರುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ. ಅವಳ ಖಾಸಗಿ ಫೋಟೋ ಹಂಚುವುದೂ ಅಪರಾಧವೇ. ‘ಸುಮ್ನೆ ಹೆದರಿಸ್ಲಕ’ ಅನ್ನುವ ಮಾತು ಠಾಣೆಯಲ್ಲಿ ನಡೆಯುವುದಿಲ್ಲ. ನಿಮ್ಮ ಎದುರೇ ಆ ಫೋಟೋಗಳನ್ನು ಅಳಿಸಿಸಿ. ಇನ್ನೊಬ್ಬ ಹುಡುಗಿಯ ಹತ್ತಿರ ಹೋಗುವುದಾದರೆ ನಿಜ ಹೇಳಿ ಹೋಗಲಿ. ಮದುವೆಯಾಗುವ ಮನಸ್ಸಿಲ್ಲದೆ, ಆಗುತ್ತೇನೆ ಅಂತ ಮಾತು ಕೊಟ್ಟು ದೇಹ ಸಂಪರ್ಕ ಮಾಡಿದರೆ ಅದೇ ಸಂಹಿತೆಯ 69ನೇ ಕಲಮಿನಡಿ 10 ವರ್ಷದವರೆಗೆ ಜೈಲು. ಕಾನೂನು ಒಂದು ಕಡೆ ಇರಲಿ. ತನಗೆ ಆದ ನೋವನ್ನು ಏನೂ ತಿಳಿಯದ ಇನ್ನೊಬ್ಬಳ ಮೇಲೆ ಹಾಕುವುದಕ್ಕೆ ನೀವು ಜೊತೆ ನಿಲ್ಲಬಾರದು.

ಗೆಳೆತನ ಸಾಲದು ಅನ್ನಿಸಿದಾಗ

‘ನಾ ಇದ್ದು ಏನ್ ಮಾಡ್ಲಿ’ ಅನ್ನುವ ಮಾತು ಬಂದರೆ ಅದನ್ನು ಹಾರಿಸಿ ಮುಂದೆ ಹೋಗಬೇಡಿ. “ಸಾಯ್ಬೇಕು ಅನಸ್ಲಕತ್ತದೇನು?” ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಬಂದುಬಿಡುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಕೇಳಿದಾಗ ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿ ಹೊಲಕ್ಕೆ ಹೊಡೆಯುವ ಎಣ್ಣೆ ಇದ್ದರೆ, ಗುಳಿಗೆಗಳ ಡಬ್ಬಿ ಇದ್ದರೆ, ಅವತ್ತೇ ಅಲ್ಲಿಂದ ತೆಗೆಸಿ. ತೊಗರಿ ಬೆಳೆಯುವ ನಮ್ಮ ಊರುಗಳ ಮನೆ ಮೂಲೆಯಲ್ಲಿ ಆ ಡಬ್ಬಿ ಸುಮ್ನೆ ಕೂತಿರುತ್ತದೆ. ಟೆಲಿ ಮನಸ್ ಸಹಾಯವಾಣಿ 14416. 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ನನ್ನ ಗೆಳತಿ ಒಂದು ರಾತ್ರಿ ಎರಡು ಗಂಟೆಗೆ 14416ಕ್ಕೆ ಫೋನ್ ಮಾಡಿದ್ದಳು. ನನಗೆ ಹೇಳಿದ್ದು ತಿಂಗಳ ಮೇಲೆ.

ಕೊನೆಯ ಹೆಜ್ಜೆ: ವಾಪಸ್ ಬಂದ ರಾತ್ರಿ

ಮೂರನೇ ಶನಿವಾರ ಅವಳು ಹೋದಳು. ಹೌದು, ಹೋದಳು. ಬೆಳಗಿನ ಬಸ್ಸಿಗೆ, ವಾಪಸ್ ಟಿಕೆಟ್ ತಗೊಂಡು. ಅವ್ವನಿಗೆ ‘ಹೈದರಾಬಾದಿಗೆ ಹೋಗಿ ಬರ್ತೀನಿ, ಒಬ್ಬರನ್ನ ನೋಡೋದದ’ ಅಂತ ಅರ್ಧ ನಿಜ ಹೇಳಿದ್ದಳಂತೆ. ಹಪ್ಪಳದ ಮೆಸೇಜ್ ಬರಲಿಲ್ಲ. ಫೋಟೋನೂ ಹಾಕಲಿಲ್ಲ. ನಾನು ದಿನವಿಡೀ ಆ ನೀಲಿ ಚುಕ್ಕೆಯನ್ನೇ ನೋಡುತ್ತಾ ಕೂತಿದ್ದೆ.

ರಾತ್ರಿ ಹತ್ತೂವರೆಗೆ ಬಸ್ ನಿಲ್ದಾಣಕ್ಕೆ ಹೋದೆ. ಇದನ್ನು ನೀವೂ ಮಾಡಿ. ಅವರು ಇಳಿಯುವಾಗ ಕೆಳಗೆ ನಿಂತಿರಿ. ಏನಾಯಿತು ಅಂತ ಕೇಳಬೇಡಿ. ‘ನಾ ಹೇಳಿದ್ದಿಲ್ಲೇನು’ ಅನ್ನುವ ಮಾತಂತೂ ಬಾಯಿಗೇ ಬರಬಾರದು. ಒಳ್ಳೆಯದೇ ಆಗಿದ್ದರೆ ಅದು ಅವಳ ಖುಷಿ. ಕೆಟ್ಟದ್ದಾಗಿದ್ದರೆ, ಬಲವಂತ ನಡೆದಿದ್ದರೆ, ಬಟ್ಟೆ ಬದಲಿಸದೆ, ಸ್ನಾನ ಮಾಡದೆ ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಸರ್ಕಾರಿ ಇರಲಿ, ಖಾಸಗಿ ಇರಲಿ, ಮೊದಲ ಚಿಕಿತ್ಸೆಯನ್ನು ಉಚಿತವಾಗಿ ಕೊಡಲೇಬೇಕು ಅಂತ ಕಾನೂನಿದೆ. ಹಾಗಾಗಿ ಅವಳ ಮುಖ ನೋಡಿ, ನಡಿಗೆ ನೋಡಿ. ಒಂದೇ ಪ್ರಶ್ನೆ ಕೇಳಿ: “ಮೈ ಮನಸ್ಸು ಎರಡೂ ಆರಾಮ ಅವೇನು?”

“ಆರಾಮ ಅವ” ಅಂದಳು. ಬ್ಯಾಗಿನಿಂದ ಒಂದು ಉಸ್ಮಾನಿಯಾ ಬಿಸ್ಕೀಟಿನ ಪೊಟ್ಟಣ ತೆಗೆದಳು. ಐದು ತಾಸಿನ ದಾರಿಯಲ್ಲಿ ಅರ್ಧಕ್ಕರ್ಧ ಪುಡಿಯಾಗಿತ್ತು. ನಿಲ್ದಾಣದ ಚಹದ ಅಂಗಡಿ ಮುಂದೆ ನಿಂತು, ಪೊಟ್ಟಣ ಹರಿದು, ಪುಡಿಯನ್ನು ಅಂಗೈಗೆ ಸುರುವಿಕೊಂಡು ತಿಂದಳು. ನನಗೂ ಕೊಟ್ಟಳು.

“ಬಾಳ ಮಾತಾಡ್ತಾನ ಅಂವ” ಅಂದಳು. ಆಮೇಲೆ ಇನ್ನೊಂದು ಚಹಾ ಕೇಳಿದಳು.